ಮೊದಲು ‘ಜಲಸಮಾಧಿ’ ತೆಗೆಯಿರಿ

ನಮಸ್ಕಾರ,

ನೀವು ಕಳಿಸಿದ ‘ರೋಹ್ನಾ: ಕಡಲು ನುಂಗಿದ ಹಡಗು’ ಲೇಖನ ಓದಿದೆ. ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಸಿಟ್ಟಿನಿಂದ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಳ್ಳೆಯ ಮಾತು ಮೊದಲು. ವಿಷಯ ದೊಡ್ಡದು, ನಮ್ಮ ಪತ್ರಿಕೆಗೆ ಇಷ್ಟು ವರ್ಷದಲ್ಲಿ ಯಾರೂ ಇದನ್ನು ಬರೆದು ಕಳಿಸಿರಲಿಲ್ಲ. ತಾರೀಖುಗಳು ಸರಿ ಇವೆ. ಹದಿನಾಲ್ಕು ಪುಟ ಓದಿಸಿಕೊಂಡು ಹೋಗುತ್ತದೆ. ಇನ್ನು ಒಂಬತ್ತನೇ ಪುಟಕ್ಕೆ ಬರೋಣ. ಅಲ್ಲಿ ಹೀಗೆ ಬರೆದಿದ್ದೀರಿ:

‘ವಿಧಿಯ ಕ್ರೂರ ಅಟ್ಟಹಾಸಕ್ಕೆ ಸಿಲುಕಿ ಸಾವಿರಾರು ಯೋಧರು ಮೆಡಿಟರೇನಿಯನ್ ಕಡಲಿನಲ್ಲಿ ಜಲಸಮಾಧಿಯಾದರು.’

ಒಂದೊಂದೇ ಪದ ತೆಗೆದು ನೋಡೋಣ.

ವಿಧಿ. ವಿಧಿ ಎಲ್ಲಿಂದ ಬಂತು? ಎರಡನೇ ಮಹಾಯುದ್ಧ ನಡೆಯುತ್ತಿದ್ದ 1943ರ ನವೆಂಬರ್ 26ರ ಸಂಜೆ ಅಲ್ಜೀರಿಯಾದ ಕರಾವಳಿಯಾಚೆ ಜರ್ಮನ್ನರ ಹೈಂಕೆಲ್ 177 ವಿಮಾನವೊಂದು ಹೆನ್‌ಶೆಲ್ 293 ಅನ್ನುವ ಬಾಂಬು ಬಿಟ್ಟಿತು. ಅದಕ್ಕೆ ರೆಕ್ಕೆ ಇತ್ತು, ರಾಕೆಟ್ ಇತ್ತು, ರೇಡಿಯೋ ಇತ್ತು. ವಿಮಾನದಲ್ಲಿ ಕೂತ ಒಬ್ಬ ಮನುಷ್ಯ ಸಣ್ಣದೊಂದು ಹಿಡಿಕೆ ಹಿಡಿದು, ಬಾಂಬಿನ ಬಾಲದಲ್ಲಿ ಉರಿಯುವ ಬೆಳಕಿನ ಮೇಲೆ ಕಣ್ಣಿಟ್ಟು, ಅದನ್ನು ಅಮೆರಿಕದ ಸೈನಿಕರನ್ನು ತುಂಬಿಕೊಂಡು ಹೊರಟಿದ್ದ ರೋಹ್ನಾದ ಕಡೆಗೆ ತಿರುಗಿಸಿದ. ಇದನ್ನೆಲ್ಲಾ ನೀವೇ ಏಳನೇ ಪುಟದಲ್ಲಿ ಚೆನ್ನಾಗಿ ಬರೆದಿದ್ದೀರಿ! ಎರಡು ಪುಟ ದಾಟುವುದರೊಳಗೆ ಆ ಮನುಷ್ಯನ ಕೈ ಮಾಯವಾಗಿ ವಿಧಿ ಬಂದು ಕೂತಿದೆ. ಅಟ್ಟಹಾಸ ಯಾರೂ ಮಾಡಲಿಲ್ಲ. ಅವನು ಗುರಿ ಇಟ್ಟ, ಗುರಿ ತಪ್ಪಲಿಲ್ಲ.

ಸಾವಿರಾರು. ಅಮೆರಿಕದ ಸೈನಿಕರೇ 1,015 ಮಂದಿ ಸತ್ತರು, ಹಡಗಿನವರು ಬೇರೆ. ಅದು ಸಾವಿರಕ್ಕೂ ಹೆಚ್ಚು, ಸಾವಿರಾರು ಅಲ್ಲ. ನಿಮ್ಮ ಹತ್ತಿರ ನಿಖರವಾದ ಅಂಕಿ ಇದೆ, ಹನ್ನೊಂದನೇ ಪುಟದಲ್ಲಿ ಅದನ್ನು ಕೊಟ್ಟೂ ಇದ್ದೀರಿ. ಮತ್ತೆ ಇಲ್ಲಿ ಯಾಕೆ ಉಬ್ಬಿಸಬೇಕು? 1,015 ಅಂದರೆ ಕಡಿಮೆಯಾಯಿತು ಅನ್ನಿಸಿತಾ?

ಯೋಧರು ಇರಲಿ, ಬಿಡುತ್ತೇನೆ.

ಜಲಸಮಾಧಿ. ಇದನ್ನು ಬಿಡಲಾರೆ. ತಾನಾಗಿ ನೀರಿಗಿಳಿದು ದೇಹ ಬಿಡುವ ಸನ್ಯಾಸಿಗೆ ಹೇಳುವ ಮಾತು ಅದು. ಈ ಹುಡುಗರು ಹಾಗೆ ಸತ್ತರಾ? ಬಾಂಬು ಬಿದ್ದ ಮೇಲೆ ಹಡಗು ಸುಮಾರು ಒಂದೂವರೆ ಗಂಟೆ ತೇಲುತ್ತಿತ್ತು. ಇದ್ದ 22 ದೋಣಿಗಳಲ್ಲಿ ನೀರಿಗಿಳಿದದ್ದು ಎಂಟು. ಅವುಗಳಿಗೂ ಜನ ಮಿತಿ ಮೀರಿ ಹತ್ತಿ ನೀರು ತುಂಬಿ ಮುಳುಗಿದವು. ಸೈನಿಕರಿಗೆ ಕೊಟ್ಟಿದ್ದು ಗಾಳಿ ತುಂಬುವ ಪಟ್ಟಿ, ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಅದನ್ನು ಕಂಕುಳ ಕೆಳಗೆ ಏರಿಸಿಕೊಳ್ಳಬೇಕು ಅಂತ ಗೊತ್ತಿಲ್ಲದವರು ನೀರಿಗೆ ಬಿದ್ದ ಕೂಡಲೇ ತಲೆ ಕೆಳಗಾಗಿ ಹೋದರು. ಕತ್ತಲಾಯಿತು, ಅಲೆ ಎತ್ತರವಿತ್ತು, ನೀರು ತಣ್ಣಗಿತ್ತು. ಅಮೆರಿಕದ ಪಯೋನಿಯರ್ ಅನ್ನುವ ಸಣ್ಣ ಹಡಗು, ಅದು ಮೈನ್, ಅಂದರೆ ಕಡಲಲ್ಲಿ ಹುದುಗಿಸಿಟ್ಟ ಸಿಡಿಮದ್ದು ಹುಡುಕುವ ಹಡಗು, ಕತ್ತಲಲ್ಲಿ ಸುತ್ತಿ ಸುತ್ತಿ 606 ಮಂದಿಯನ್ನು ಮೇಲೆಳೆದುಕೊಂಡಿತು. ಸಿಗದವರು ಚಳಿಗೆ ಬೆರಳು ಮರಗಟ್ಟಿ, ಹಿಡಿದದ್ದನ್ನು ಬಿಟ್ಟು, ಒಬ್ಬೊಬ್ಬರಾಗಿ ಹೋದರು. ಇಷ್ಟನ್ನೂ ಒಂದೇ ಪದದಲ್ಲಿ ಮುಚ್ಚಿಬಿಟ್ಟಿದ್ದೀರಿ.

ಈ ಪದದ ಮೇಲೆ ನನಗೆ ಯಾಕಿಷ್ಟು ಕೋಪ ಅಂದರೆ, ಒಂದು ಕಾಲದಲ್ಲಿ ನಾನೂ ಅದನ್ನು ಬರೆದವನು. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಕರಾವಳಿಯ ಒಂದು ದಿನಪತ್ರಿಕೆ. ಗಂಗೊಳ್ಳಿಯ ಕಡೆ ದೋಣಿ ಮಗುಚಿ ಮೂವರು ಕಾಣೆಯಾಗಿದ್ದರು. ಫೋನಿನಲ್ಲಿ ಸುದ್ದಿ ತೆಗೆದುಕೊಂಡು ‘ಮೂವರು ಮೀನುಗಾರರ ಜಲಸಮಾಧಿ’ ಅಂತ ಬರೆದು ಕೊಟ್ಟೆ. ಹಾಗೇ ಅಚ್ಚಾಯಿತು. ಮರುದಿನ ಮುಂದಿನ ಸುದ್ದಿಗೆ ಅಂತ ನನ್ನನ್ನೇ ಊರಿಗೆ ಕಳಿಸಿದರು. ಒಂದು ಮನೆಯ ಜಗಲಿಯಲ್ಲಿ ಕೂತಿದ್ದ ತಾಯಿಗೆ ಓದಲು ಬರುತ್ತಿರಲಿಲ್ಲ. ಪಕ್ಕದ ಮನೆಯವರು ತಂದುಕೊಟ್ಟ ಪೇಪರು ಮಡಿಲಲ್ಲಿತ್ತು. ‘ಓದಿ ಹೇಳು ಮಗಾ’ ಅಂದರು. ಓದಿದೆ. ತಲೆಬರಹಕ್ಕೆ ಬಂದ ಕೂಡಲೇ ಅವರು ತಡೆದು, ‘ಸಮಾಧಿ ಅಂದ್ರೆ? ಸಿಕ್ಕಿದ್ನಾ ಹಂಗಾರೆ?’ ಅಂತ ಕೇಳಿದರು.

ಸಿಕ್ಕಿರಲಿಲ್ಲ. ನಾನು ಬರೆದ ಪದ ಅವರಿಗೆ ಅರ್ಧ ನಿಮಿಷ ಮಗನ ಹೆಣ ಕೊಟ್ಟು ಮತ್ತೆ ಕಿತ್ತುಕೊಂಡಿತು. ಸಂಜೆ ಆಫೀಸಿಗೆ ಬಂದು ನಮ್ಮ ಮುಖ್ಯ ಉಪಸಂಪಾದಕರಿಗೆ ಹೇಳಿದೆ. ಅವರು ಬೈಯಲಿಲ್ಲ. ಹಳೆಯ ಪತ್ರಿಕೆಗಳ ಕಟ್ಟು ತಂದು ಮುಂದಿಟ್ಟು, ಆ ಪದ ಎಲ್ಲೆಲ್ಲಿ ಇದೆಯೋ ಹುಡುಕಿ ಅಲ್ಲಲ್ಲಿ ನಿಜವಾಗಿ ಏನಾಯಿತು ಅಂತ ಪಕ್ಕದಲ್ಲಿ ಪೆನ್ಸಿಲಿನಿಂದ ಬರಿ ಅಂದರು. ಎರಡು ರಾತ್ರಿ ಹಿಡಿಯಿತು. ಹೆಚ್ಚಿನ ಕಡೆ ಏನಾಯಿತು ಅಂತ ಬರೆಯಲು ವರದಿಯಲ್ಲಿ ಏನೂ ಇರಲಿಲ್ಲ. ಗೊತ್ತಿಲ್ಲದ ಜಾಗದಲ್ಲೇ ಆ ಪದ ಬಂದು ಕೂತಿತ್ತು.

ನಿಮಗೆ ಗೊತ್ತಿದೆ. ಅದಕ್ಕೇ ಜಾಸ್ತಿ ಸಿಟ್ಟು.

ಇನ್ನೊಂದು ಸಾಲು, ಅದೇ ಪುಟದ ಕೆಳಗೆ: ‘ಹಡಗಿನ ಸಿಬ್ಬಂದಿಯೂ ಪ್ರಾಣ ತೆತ್ತರು.’

ಆ ‘ಯೂ’ ನೋಡಿ. ಊಟಕ್ಕೆ ಕರೆದವರ ಪಟ್ಟಿ ಮುಗಿದ ಮೇಲೆ ನೆನಪಾದವರಿಗೆ ಹಾಕುವ ‘ಯೂ’ ಅದು. ಯಾರು ಈ ಸಿಬ್ಬಂದಿ? ರೋಹ್ನಾ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗು, 1926ರಲ್ಲಿ ಕಟ್ಟಿದ್ದು, 8,602 ಟನ್. ಯುದ್ಧಕ್ಕೆ ಮುಂಚೆ ಮದ್ರಾಸಿನಿಂದ ಸಿಂಗಾಪುರದ ಕಡೆಗೆ ಡೆಕ್ ಪ್ರಯಾಣಿಕರನ್ನು, ಹೆಚ್ಚಾಗಿ ತಮಿಳು ಕೂಲಿಕಾರರನ್ನು ಸಾಗಿಸುತ್ತಿತ್ತು. 1940ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಸೈನಿಕರ ಸಾಗಾಟಕ್ಕೆ ತೆಗೆದುಕೊಂಡಿತು. ಅಧಿಕಾರಿಗಳನ್ನು ಬಿಟ್ಟರೆ ಕೆಲಸದವರು ಬಹುಪಾಲು ನಮ್ಮ ದೇಶದವರೇ: ಖಲಾಸಿಗಳು, ಅಂದರೆ ಹಡಗಿನಾಳುಗಳು, ಅವರ ಮೇಸ್ತ್ರಿ ಸಾರಂಗ, ಅವನ ಕೈಕೆಳಗಿನ ತಾಂಡೇಲ, ಬಟ್ಲರ್. ಅದೇ ಕೆಲಸಕ್ಕೆ ಬ್ರಿಟಿಷ್ ನಾವಿಕನಿಗೆ ಕೊಡುವುದಕ್ಕಿಂತ ತೀರಾ ಕಡಿಮೆ ಸಂಬಳ. ಒಟ್ಟು 195 ಮಂದಿ ಇದ್ದರು, ಸುಮಾರು 120 ಮಂದಿ ಹೋದರು. ನೂರಕ್ಕೆ ಅರವತ್ತು. ಸೈನಿಕರು ಸುಮಾರು 2,000 ಇದ್ದರು, ಅವರಲ್ಲಿ ಅರ್ಧದಷ್ಟು ಜನ ಹೋದರು. ನೀವೇ ಲೆಕ್ಕ ಹಾಕಿ, ಜಾಸ್ತಿ ಪಾಲು ಯಾರದು?

ಬಾಂಬು ಹೊಕ್ಕಿದ್ದು ಎಡಬದಿಯಲ್ಲಿ, ಇಂಜಿನ್ ಕೋಣೆಯ ಹತ್ತಿರ. ಹಡಗು ಆಗ ಓಡುತ್ತಿತ್ತು. ಅಂದರೆ ಕೆಳಗೆ ಪಾಳಿಯ ಮೇಲೆ ಜನ ಇದ್ದರು, ಅಲ್ವಾ? ನಿಮ್ಮ ಹದಿನಾಲ್ಕು ಪುಟದಲ್ಲಿ ಆ ಕೋಣೆಗೆ ಒಬ್ಬರೂ ಇಳಿಯುವುದಿಲ್ಲ. ಎಲ್ಲರೂ ಡೆಕ್ಕಿನ ಮೇಲೇ ನಿಂತಿದ್ದಾರೆ, ಎಲ್ಲರೂ ಅಮೆರಿಕನ್ನರೇ.

ಬದುಕುಳಿದ ಕೆಲವು ಸೈನಿಕರು ಹಡಗಿನವರನ್ನು ದೂರಿದ್ದಾರೆ, ದೋಣಿ ಇಳಿಸಲು ನೆರವಾಗಲಿಲ್ಲ, ತಮ್ಮ ಜೀವ ನೋಡಿಕೊಂಡರು ಅಂತ. ಇದು ನಿಮ್ಮ ಕಣ್ಣಿಗೆ ಬಿದ್ದಿರಲೇಬೇಕು. ನಮ್ಮವರಿಗೆ ಕೆಟ್ಟ ಹೆಸರು ಬರುತ್ತದೆ ಅಂತ ಬಿಟ್ಟಿರಾ? ಬಿಡಬೇಡಿ. ಆ ದೂರನ್ನು ಬರೆಯಿರಿ, ಅದರ ಪಕ್ಕದಲ್ಲೇ ಆ 120ನ್ನೂ ಬರೆಯಿರಿ.

ಆದರೆ ‘ಅವರಲ್ಲಿ ನಮ್ಮ ಕರಾವಳಿಯ ಕನ್ನಡಿಗರೂ ಇದ್ದಿರಬಹುದು’ ಅನ್ನುವ ಸಾಲು ತೆಗೆಯಲೇಬೇಕು. ಒಂದು ಹೆಸರು ಸಿಕ್ಕರೆ ಹಾಕಿ, ಸಿಗದಿದ್ದರೆ ಬೇಡ. ಕನ್ನಡದವನಿದ್ದರೆ ಮಾತ್ರ ಓದುಗರಿಗೆ ಸಂಕಟವಾಗುತ್ತದೆ ಅಂತ ಯಾಕೆ ಅಂದುಕೊಳ್ಳುತ್ತೀರಿ? ಆ ಸೈನಿಕರು ಹೊರಟಿದ್ದೇ ಭಾರತದ ಕಡೆಗೆ, ಅಲ್ಜೀರಿಯಾದ ಒರಾನ್ ಬಂದರಿನಿಂದ, ಸೂಯೆಜ್ ದಾಟಿ, ಇಲ್ಲಿಯ ಯುದ್ಧರಂಗಕ್ಕೆ. ಅವರನ್ನು ತರುತ್ತಿದ್ದವರು ನಮ್ಮ ಜನ. ಇದಕ್ಕಿಂತ ಹತ್ತಿರದ ನಂಟು ಬೇಕಾ?

ಅಮೆರಿಕ ಈ ಸುದ್ದಿಯನ್ನು ಬಹಳ ಕಾಲ ಮುಚ್ಚಿಟ್ಟಿತು, ರೇಡಿಯೋ ಬಾಂಬಿನ ಗುಟ್ಟು ಹೊರಬೀಳಬಾರದು ಅಂತ. ಅಲ್ಲಿಯ ಸಂಸತ್ತಾದ ಕಾಂಗ್ರೆಸ್ಸು ಸತ್ತವರನ್ನು ನೆನೆದು ನಿರ್ಣಯ ಮಾಡಿದ್ದು 2000ದಲ್ಲಿ. ಇದಕ್ಕೆ ನೀವು ಮೂರು ಪುಟ ಕೊಟ್ಟಿದ್ದೀರಿ, ಸರಿಯಾಗಿದೆ. ಅದರಲ್ಲಿ ಅರ್ಧ ಪುಟ ಖಲಾಸಿಗಳಿಗೆ ಬಿಟ್ಟುಕೊಡಿ. ಆ ಯುದ್ಧದಲ್ಲಿ ಕಡಲಿಗೆ ಹೋಗಿ ಗೋರಿ ಸಿಗದ ಸುಮಾರು 6,000 ಭಾರತೀಯ ವ್ಯಾಪಾರಿ ನಾವಿಕರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಒಂದು ಪ್ರತಿ ಮುಂಬೈಯಲ್ಲಿ, ಇನ್ನೊಂದು ಚಿತ್ತಗಾಂಗಿನಲ್ಲಿ. ನೀವು ಪುಣೆಯಲ್ಲಿ ಇದ್ದೀರಿ ಅಂತ ಪತ್ರದಲ್ಲಿ ಬರೆದಿದ್ದೀರಿ. ಮುಂಬೈ ದೂರವೇನಲ್ಲ. ಹೋಗಿ ರೋಹ್ನಾದವರನ್ನು ಹುಡುಕಿ.

ಉಳಿದ ಪುಟಗಳ ಮಾತು ಆಮೇಲೆ ಆಡೋಣ. ಸದ್ಯಕ್ಕೆ ಒಂಬತ್ತನೇ ಪುಟ ಒಂದನ್ನೇ ಹೊಸದಾಗಿ ಬರೆದು ಕಳಿಸಿ. ಇಂಜಿನ್ ಕೋಣೆಯಿಂದ ಶುರು ಮಾಡಿ. ಅವಸರ ಬೇಡ, ನಾನು ಕಾಯುತ್ತೇನೆ.