ನ್ಯಾನ್ಸಿ ಡ್ರೂ ಮತ್ತೆ ಓದಬೇಕೆಂದರೆ ಹಳೆಯ ನ್ಯಾನ್ಸಿಯನ್ನೇ ಓದಿ

ಹೈಸ್ಕೂಲಿನಲ್ಲಿ ಮುಗಿಬಿದ್ದು ಓದಿದ, ಅಮೆರಿಕದ ಹದಿಹರೆಯದ ಪತ್ತೇದಾರಿ ಹುಡುಗಿ ನ್ಯಾನ್ಸಿ ಡ್ರೂ ಕಥೆಗಳನ್ನು ನಲವತ್ತು ದಾಟಿದ ಮೇಲೆ ಮತ್ತೆ ಓದಿದರೆ ಇದ್ದ ಖುಷಿಯೂ ಹಾಳಾದೀತೇ ಎಂದು ಕೇಳಿದ್ದೀರಿ.

ರಹಸ್ಯಕ್ಕಾಗಿ ಓದಿದರೆ ಖಂಡಿತ ಹಾಳಾಗುತ್ತದೆ. ಒರಟಾಗಿ ಮಾತನಾಡುವವನೇ ಖಳ. ಬಡತನದಲ್ಲೂ ಮನೆಯನ್ನು ಒಪ್ಪವಾಗಿಟ್ಟುಕೊಂಡವರೇ ಸಜ್ಜನರು. ಮೊದಲ ಪುಸ್ತಕ ‘ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್’ನಲ್ಲಿ ನ್ಯಾನ್ಸಿ ಬಿರುಮಳೆಗೆ ಸಿಕ್ಕಿ ಯಾರದೋ ಕೊಟ್ಟಿಗೆಗೆ ಕಾರು ನುಗ್ಗಿಸುತ್ತಾಳೆ. ಅವಳು ಹುಡುಕುತ್ತಿರುವ ಉಯಿಲಿನಿಂದ ಆಸ್ತಿ ಸಿಗಬೇಕಾದ ಅಕ್ಕತಂಗಿಯರ ಮನೆಯೇ ಅದು! ಹನ್ನೆರಡರ ವಯಸ್ಸಿನಲ್ಲಿ ಇದು ಅದೃಷ್ಟ ಅನ್ನಿಸುತ್ತದೆ, ನಲವತ್ತರಲ್ಲಿ ನಗು ಬರುತ್ತದೆ.

ಆದರೂ ನಾನು ಓದುತ್ತೇನೆ, ಖುಷಿಯಿಂದಲೇ ಓದುತ್ತೇನೆ. ಆದರೆ ಮೊದಲು ಕೈಯಲ್ಲಿರುವುದು ಯಾವ ನ್ಯಾನ್ಸಿ ಎಂದು ನೋಡಿಕೊಳ್ಳುತ್ತೇನೆ. ಈ ಹೆಸರಿನಲ್ಲಿ ಇಬ್ಬರು ಹುಡುಗಿಯರಿದ್ದಾರೆ. ಮೊದಲ ಮೂರು ಪುಸ್ತಕಗಳು ಬಂದದ್ದು 1930ರ ಏಪ್ರಿಲ್‌ನಲ್ಲಿ. 1959ರಿಂದ 1977ರವರೆಗೆ ಮೊದಲ 34 ಪುಸ್ತಕಗಳನ್ನು ಒಂದೊಂದಾಗಿ ತಿದ್ದಿ, ಕೆಲವನ್ನು ಪೂರ್ತಿ ಹೊಸದಾಗಿಯೇ ಬರೆದು, 25 ಅಧ್ಯಾಯಗಳನ್ನು 20ಕ್ಕೆ ಇಳಿಸಿದರು. ನಾವು ಬಾಡಿಗೆ ಲೈಬ್ರರಿಗಳಿಂದ ತಂದು, ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದ್ದು ಹೆಚ್ಚಾಗಿ ಈ ತಿದ್ದಿದ ನ್ಯಾನ್ಸಿಯನ್ನೇ. ಅವಳಿಗೆ ಹದಿನೆಂಟು ವರ್ಷ, ಬಲು ವಿನಯವಂತೆ, ಯಾರ ಮನಸ್ಸನ್ನೂ ನೋಯಿಸದವಳು. ನಿಜ ಹೇಳಬೇಕೆಂದರೆ ಸ್ವಲ್ಪ ಸಪ್ಪೆ.

1930ರ ನ್ಯಾನ್ಸಿಗೆ ಹದಿನಾರು. ಓದು ಮುಗಿದಿದೆ, ತಾಯಿ ಇಲ್ಲ, ವಕೀಲ ತಂದೆ ಮಗಳನ್ನು ತಡೆಯುವುದಿಲ್ಲ, ಮನೆಗೆಲಸಕ್ಕೆ ಹನ್ನಾ ಇದ್ದಾಳೆ, ಓಡಿಸಲು ತನ್ನದೇ ಕಾರಿದೆ. ದೊಡ್ಡವರ ಮುಖಕ್ಕೇ ಉತ್ತರ ಕೊಡುತ್ತಾಳೆ. ‘ದಿ ಹಿಡನ್ ಸ್ಟೇರ್‌ಕೇಸ್’ನಲ್ಲಿ ಭೂತದ ಕಾಟವಿದೆ ಎನ್ನುವ ಮನೆಗೆ ಹೊರಡುವ ಮಗಳ ಕೈಗೆ ತಂದೆ ರಿವಾಲ್ವರ್ ಕೊಟ್ಟು ಕಳಿಸುತ್ತಾನೆ. ತಿದ್ದಿದ ಆವೃತ್ತಿಯಲ್ಲಿ ಆ ರಿವಾಲ್ವರ್ ಇಲ್ಲ. ಈಗ ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಕಳ್ಳನೂ ಅಲ್ಲ, ಗಡಿಯಾರವೂ ಅಲ್ಲ. ‘ಎಲ್ಲಿಗೆ ಹೊರಟೆ, ಎಷ್ಟು ಹೊತ್ತಿಗೆ ಬರುತ್ತೀಯಾ’ ಎಂದು ಕೇಳುವವರೇ ಇಲ್ಲದ ಆ ಬದುಕು. ಸಂಜೆ ಆರರೊಳಗೆ ಮನೆ ಸೇರಬೇಕಿದ್ದ ನಮಗೆ ಆಗ ಹೊಟ್ಟೆಕಿಚ್ಚು ಹುಟ್ಟಿಸಿದ್ದೂ ಅದೇ ಇರಬೇಕು.

ಆ ದಿಟ್ಟತನ ಎಲ್ಲಿಂದ ಬಂತು ಎನ್ನುವುದು ಕಥೆಗಿಂತ ಸ್ವಾರಸ್ಯವಾಗಿದೆ. ಮುಖಪುಟದ ಕ್ಯಾರೊಲಿನ್ ಕೀನ್ ಎಂಬ ಲೇಖಕಿ ಇರಲೇ ಇಲ್ಲ. ಎಡ್ವರ್ಡ್ ಸ್ಟ್ರೇಟ್‌ಮೇಯರ್ ಎಂಬಾತ ಕಥೆಯ ಹಂದರ ಕೊಟ್ಟು, ಕೂಲಿಗೆ ಬರೆಸಿ, ಕಲ್ಪಿತ ಹೆಸರಿನಲ್ಲಿ ಪುಸ್ತಕ ತರುತ್ತಿದ್ದ. ಮೊದಲ 30ರಲ್ಲಿ 23ನ್ನು ಬರೆದವರು ಅಯೋವಾದ ಮಿಲ್ಡ್ರೆಡ್ ವರ್ಟ್ ಬೆನ್ಸನ್. ಶುರುವಿನಲ್ಲಿ ಪುಸ್ತಕವೊಂದಕ್ಕೆ 125 ಡಾಲರ್. ಹಕ್ಕೂ ಇಲ್ಲ, ರಾಯಧನವೂ ಇಲ್ಲ. ಪತ್ರಕರ್ತೆಯಾಗಿದ್ದ ಅವರು ಮುಂದೆ ವಿಮಾನ ಹಾರಿಸಲೂ ಕಲಿತರು. 1980ರಲ್ಲಿ ಪ್ರಕಾಶಕರ ನಡುವಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದಾಗಲೇ ಅವರ ಪಾಲು ಬಯಲಾದದ್ದು. ಅನಾಮಿಕ ಬರಹಗಾರ್ತಿಯನ್ನು ಪತ್ತೆ ಮಾಡಲು ಐವತ್ತು ವರ್ಷ ಬೇಕಾಯಿತು; ನ್ಯಾನ್ಸಿಯಾಗಿದ್ದರೆ ಇಪ್ಪತ್ತೈದನೆಯ ಅಧ್ಯಾಯಕ್ಕೇ ಮುಗಿಸುತ್ತಿದ್ದಳು. ತಿದ್ದುಪಡಿಯ ಕಾಲಕ್ಕೆ ಕಂಪನಿ ನಡೆಸುತ್ತಿದ್ದವರು ಸ್ಟ್ರೇಟ್‌ಮೇಯರ್ ಮಗಳು ಹ್ಯಾರಿಯೆಟ್ ಆಡಮ್ಸ್. ನ್ಯಾನ್ಸಿಗೆ ಮೃದು ಮಾತು ಕಲಿಸಿದ್ದು ಅವರೇ.

ಇನ್ನು ಕಹಿಯ ಭಾಗ. ಹಳೆಯ ಪಠ್ಯದಲ್ಲಿ ಜನಾಂಗೀಯ ತಾತ್ಸಾರ ರಾಚುತ್ತದೆ. ಮೊದಲ ಪುಸ್ತಕದಲ್ಲಿ ಸರೋವರದ ಬಳಿಯ ಮನೆ ಕಾಯುವ ಜೆಫ್ ಟಕರ್ ಕರಿಯ. ಅವನನ್ನು ಕುಡುಕನಾಗಿ, ವಿಚಿತ್ರ ಇಂಗ್ಲಿಷಿನ ನಗೆಪಾಟಲಾಗಿ ಚಿತ್ರಿಸಿದ್ದಾರೆ. ಚಿಕ್ಕ ಮಕ್ಕಳ ಕೈಗೆ ಅದನ್ನು ಹಾಗೆಯೇ ಕೊಡಲು ನನಗೆ ಮನಸ್ಸಿಲ್ಲ. ಇಂಥದ್ದರ ಬಗ್ಗೆ ಬಂದ ದೂರುಗಳೂ ತಿದ್ದುಪಡಿಗೆ ಒಂದು ಕಾರಣ, ಅದು ಸರಿಯೇ. ಆದರೆ ಅವರು ಮಾಡಿದ್ದೇನು? ಜೆಫ್‌ಗೆ ಘನತೆ ಕೊಡಲಿಲ್ಲ, ಅವನನ್ನು ಬಿಳಿಯನನ್ನಾಗಿ ಮಾಡಿದರು. ಕಳಂಕದ ಜೊತೆಗೆ ಮನುಷ್ಯರನ್ನೂ ಒರೆಸಿಹಾಕಿದರು. ಇದು ಕಣ್ಣಿಗೆ ಬೀಳಬೇಕಾದರೆ ಎರಡು ಪಠ್ಯಗಳನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ದೊಡ್ಡವರ ಓದಿಗೆ ನಿಜವಾದ ಪತ್ತೇದಾರಿ ಇರುವುದು ಅಲ್ಲಿ.

ಹಾಗಾಗಿ ‘ಓಲ್ಡ್ ಕ್ಲಾಕ್’ ಅಥವಾ ‘ಹಿಡನ್ ಸ್ಟೇರ್‌ಕೇಸ್’, ಎರಡರಲ್ಲೊಂದರಿಂದ ಶುರು ಮಾಡಿ. ಕೊಳ್ಳುವ ಮುನ್ನ ಪರಿವಿಡಿ ನೋಡಿ: 25 ಅಧ್ಯಾಯಗಳಿದ್ದರೆ ಹಳೆಯದು, 20 ಇದ್ದರೆ ತಿದ್ದಿದ್ದು. ಆಪಲ್‌ವುಡ್ ಪ್ರಕಾಶನ 1991ರಿಂದ ಹಳೆಯ ಪಠ್ಯಗಳನ್ನು ಮರುಮುದ್ರಿಸಿತ್ತು, ಹಳೆಯ ಪುಸ್ತಕಗಳ ಮಾರಾಟಗಾರರಲ್ಲಿ ಹುಡುಕಬಹುದು. ಒಂದೇ ಏಟಿಗೆ ಹತ್ತು ಪುಸ್ತಕ ತರಿಸಿಕೊಳ್ಳಬೇಡಿ. ನಾಲ್ಕನೆಯದರ ಹೊತ್ತಿಗೆ, ಯಾವ ಅಧ್ಯಾಯದಲ್ಲಿ ಅವಳನ್ನು ಕೂಡಿಹಾಕುತ್ತಾರೆ ಎಂದು ನೀವೇ ಹೇಳಬಲ್ಲಿರಿ.