ಓದುಗರ ಪ್ರಶ್ನೆ: ಹಾರ್ವರ್ಡ್ ಅರ್ಜಿಗೆ ಫೋಟೊ ಅಂಟಿಸಿದ್ದೇಕೆ?

ಪ್ರಶ್ನೆ: 1920ರ ದಶಕದಲ್ಲಿ ಹಾರ್ವರ್ಡ್ ಯಹೂದಿ ವಿದ್ಯಾರ್ಥಿಗಳಿಗೆ ಮಿತಿ ಹಾಕಿತ್ತಂತೆ. ಆದರೆ ನಿಯಮದಲ್ಲಿ ಹಾಗೆಂದು ಬರೆದೇ ಇರಲಿಲ್ಲವಂತೆ. ಹಾಗಾದರೆ ತಡೆದದ್ದು ಹೇಗೆ?

ಉತ್ತರ: ಅರ್ಜಿ ನಮೂನೆಯ ಮೂಲಕ. ಅದಕ್ಕೆ ಮೊದಲು ಪ್ರವೇಶ ಪರೀಕ್ಷೆ ಪಾಸಾದರೆ ಬಹುಮಟ್ಟಿಗೆ ಸೀಟು ಸಿಕ್ಕಂತೆಯೇ. ಪೂರ್ವ ಯೂರೋಪಿನಿಂದ ವಲಸೆ ಬಂದವರ ಮಕ್ಕಳು ಓದಿ ಪಾಸಾದರು. 1900ರಲ್ಲಿ ಶೇ 7ರಷ್ಟಿದ್ದ ಯಹೂದಿಗಳು 1922ಕ್ಕೆ ಶೇ 21 ದಾಟಿದರು. ಹಾರ್ವರ್ಡ್‌ನ ಅಧ್ಯಕ್ಷ ಲಾರೆನ್ಸ್ ಲೋವೆಲ್ ಶೇ 15ರ ಮಿತಿ ಬಯಸಿದರು. ಯಹೂದಿಗಳು ಹೆಚ್ಚಿದಷ್ಟೂ ಅವರ ಮೇಲಿನ ದ್ವೇಷ ಹೆಚ್ಚುತ್ತದೆ, ಹಾಗಾಗಿ ಮಿತಿ ಅವರಿಗೇ ಒಳ್ಳೆಯದು ಎಂಬುದು ಅವರ ವಾದ! ಸುದ್ದಿ ಹೊರಬಿದ್ದು ಗದ್ದಲವಾಯಿತು. 1923ರಲ್ಲಿ ಸಮಿತಿಯೊಂದು ಕೋಟಾ ಬೇಡವೆಂದಿತು.

ಅಷ್ಟರಲ್ಲಿ, 1922ರಲ್ಲೇ, ಅರ್ಜಿಯಲ್ಲಿ ಹೊಸ ಕಾಲಂಗಳು ಬಂದಿದ್ದವು: ಜನಾಂಗ ಮತ್ತು ಬಣ್ಣ, ಧರ್ಮ, ತಂದೆ ಹುಟ್ಟಿದ ಊರು, ಮದುವೆಗೆ ಮುಂಚಿನ ತಾಯಿಯ ಹೆಸರು. ಜೊತೆಗೆ, ಹುಟ್ಟಿದ ಮೇಲೆ ನಿಮ್ಮ ಅಥವಾ ತಂದೆಯ ಹೆಸರು ಬದಲಾಗಿದ್ದರೆ ಪೂರ್ತಿ ವಿವರಿಸಿ ಎಂಬ ಪ್ರಶ್ನೆ. ಹೆಸರು ಬದಲಿಸಿಕೊಂಡವರೂ ನುಸುಳಬಾರದೆಂಬ ಲೆಕ್ಕ ಅದು. ಸಮಿತಿಗೆ ಅಂಕಿಅಂಶ ಕಲೆಹಾಕಿದವರು ವಿದ್ಯಾರ್ಥಿಗಳನ್ನು ಜೆ1, ಜೆ2, ಜೆ3 ಎಂದು ವಿಂಗಡಿಸಿದರು: ಖಚಿತವಾಗಿ ಯಹೂದಿ, ಬಹುತೇಕ ಯಹೂದಿ, ಇದ್ದರೂ ಇರಬಹುದು.

ಒಂದು ಉಪಾಯ ತಿರುಗುಬಾಣವಾಯಿತು. ಶಾಲೆಯಲ್ಲಿ ಮೊದಲ ಏಳನೇ ಒಂದು ಭಾಗದೊಳಗೆ ಬಂದವರಿಗೆ ಪರೀಕ್ಷೆಯಿಲ್ಲದೆ ಪ್ರವೇಶ ಕೊಟ್ಟರೆ ದಕ್ಷಿಣ, ಪಶ್ಚಿಮದ ಸಣ್ಣ ಊರುಗಳ ಹುಡುಗರು ಬರುತ್ತಾರೆಂದುಕೊಂಡಿದ್ದರು. ಯಹೂದಿ ಹುಡುಗರೂ ಆ ದಾರಿಯಲ್ಲೇ ಬಂದರು. 1925ರಲ್ಲಿ ಅವರ ಪ್ರಮಾಣ ಕಾಲು ಭಾಗವನ್ನೂ ಮೀರಿತು.

1926ರಲ್ಲಿ ಪಟ್ಟು ಬಿಗಿಯಾಯಿತು: ಮೊದಲ ವರ್ಷಕ್ಕೆ 1,000 ಸೀಟು ಮಾತ್ರ, ಅಂಕದ ಜೊತೆ 'ನಡತೆ, ವ್ಯಕ್ತಿತ್ವ'ದ ಅಳತೆ, ಅರ್ಜಿಗೆ ಫೋಟೊ ಕಡ್ಡಾಯ. ಅಂಕ ಕಡಿಮೆಯಾಗಿದ್ದರೆ ಜಗಳ ತೆಗೆಯಬಹುದು. ವ್ಯಕ್ತಿತ್ವ ಸಾಲದೆಂದರೆ ಯಾರ ಹತ್ತಿರ ಹೋಗುವುದು? ಪ್ರಮಾಣ ಶೇ 15ರ ಆಸುಪಾಸಿಗೆ ಇಳಿಯಿತು.

ಪ್ರಶ್ನೆ: ಫೋರ್ಡ್ ಕಾರಿನ ಶೋರೂಮ್‌ಗಳಲ್ಲಿ ಯಹೂದಿ ವಿರೋಧಿ ಪತ್ರಿಕೆ ಮಾರುತ್ತಿದ್ದದ್ದು ನಿಜವೇ?

ಉತ್ತರ: ನಿಜ. ಹೆನ್ರಿ ಫೋರ್ಡ್ ಒಡೆತನದ 'ಡಿಯರ್‌ಬಾರ್ನ್ ಇಂಡಿಪೆಂಡೆಂಟ್' 1920ರ ಮೇ 22ರಿಂದ 91 ವಾರ ಸತತವಾಗಿ ಈ ವಿಷ ಕಾರಿತು. ಡೀಲರುಗಳು ಕಾರಿನಂತೆ ಚಂದಾದಾರರನ್ನೂ ಹುಡುಕಬೇಕಿತ್ತು. ರೈತ ಸಹಕಾರ ಸಂಘಗಳನ್ನು ಕಟ್ಟಿದ ವಕೀಲ ಆರನ್ ಸಪೀರೊ ಮಾನನಷ್ಟ ಮೊಕದ್ದಮೆ ಹೂಡಿದ ಮೇಲೆ, 1927ರಲ್ಲಿ ಫೋರ್ಡ್ ಕ್ಷಮೆ ಕೇಳಿ ಪತ್ರಿಕೆ ಮುಚ್ಚಿದರು. ಆ ಕ್ಷಮಾಪಣೆಯನ್ನು ಬರೆದುಕೊಟ್ಟದ್ದು ಲೂಯಿ ಮಾರ್ಷಲ್ ಎಂಬ ಯಹೂದಿ ವಕೀಲ.