ಹೊಟ್ಟೆಗೆ ಬ್ಯಾಕ್ಟೀರಿಯಾ ಸೋಂಕು ಆದರೆ ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು?

ನಿನ್ನೆಯಿಂದ ವಾಂತಿ, ಭೇದಿ ಇದೆ, ಆಂಟಿಬಯೋಟಿಕ್ ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ತಗೊಳ್ಳಬೇಡಿ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಹೊಟ್ಟೆ ಸೇರಿದರೂ ಹೆಚ್ಚಿನವರಿಗೆ ಒಂದು ವಾರದೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಕೆಲವು ಬಗೆಯ ಇ. ಕೋಲಿ ಸೋಂಕಿನಲ್ಲಂತೂ ಆಂಟಿಬಯೋಟಿಕ್‌ನಿಂದ ಕಿಡ್ನಿಗೆ ಪೆಟ್ಟು ಬೀಳುವ ಅಪಾಯ ಜಾಸ್ತಿ.

ನನಗೆ ಹೆಚ್ಚು ಭಯ ಇರುವುದು ಮೈಯಲ್ಲಿ ನೀರು ಕಡಿಮೆಯಾಗುವುದರ ಬಗ್ಗೆ. ಓಆರ್‌ಎಸ್ ಕುಡಿಯಿರಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿ. ಚಮಚ ತಲೆಮಟ್ಟ ಇರಲಿ, ಗುಡ್ಡೆ ಬೇಡ. ಉಪ್ಪು ಹೆಚ್ಚಾದರೆ ಅಪಾಯ. ವಾಂತಿ ಬರುತ್ತಿದ್ದರೆ ಗಟಗಟ ಕುಡಿಯದೆ ಒಂದೊಂದೇ ಗುಟುಕು ಕುಡಿಯಿರಿ.

ಮಲದಲ್ಲಿ ರಕ್ತ, 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಕುಡಿದ ನೀರೂ ನಿಲ್ಲದಷ್ಟು ವಾಂತಿ, 3 ದಿನ ಕಳೆದರೂ ನಿಲ್ಲದ ಭೇದಿ, ಇವುಗಳಲ್ಲಿ ಒಂದಿದ್ದರೂ ಡಾಕ್ಟರನ್ನು ಕಾಣಿ. ರಕ್ತ ಅಥವಾ ಜ್ವರ ಇರುವಾಗ ಭೇದಿ ನಿಲ್ಲಿಸುವ ಮಾತ್ರೆ ನುಂಗಬೇಡಿ. ಮೂತ್ರ ತೀರಾ ಕಡಿಮೆಯಾಗಿ, ಬಾಯಿ ಒಣಗಿ, ಎದ್ದು ನಿಂತರೆ ತಲೆ ಸುತ್ತುತ್ತಿದ್ದರೆ ತಡಮಾಡಬೇಡಿ. ಎಳೆ ಮಕ್ಕಳು, ಗರ್ಭಿಣಿಯರು, ವಯಸ್ಸಾದವರಾದರೆ ಇಷ್ಟು ಕಾಯುವುದೂ ಬೇಡ. ಅತ್ತರೂ ಕಣ್ಣೀರು ಬಾರದ ಮಗುವನ್ನು ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.